ದುಭಾಷಿ ಮಾವನ ಪೆನ್ನಿನ ಕ್ಯಾಪು

ನಾನು ಬಿ.ಎ. ಮಾಡುವುದು ಆಗದ ಮಾತು ಎಂದವರು ಬೇರೆ ಯಾರೂ ಅಲ್ಲ, ನನ್ನ ಸೋದರಮಾವ. ಒಂದೇ ಭಾಷೆಯಲ್ಲಿ ಹೇಳಿದ್ದರೆ ಸಹಿಸಬಹುದಿತ್ತು. "ನಿನ್ನ ಕೈಲಾಗಲ್ಲ" ಎಂದರು ಕನ್ನಡದಲ್ಲಿ. "ನೀ ವಲ್ಲ ಕಾದು" ಎಂದರು ತೆಲುಗಿನಲ್ಲಿ. "ಉನ್ನಾಲೆ ಮುಡಿಯಾದು" ಎಂದು ತಮಿಳಿನಲ್ಲಿ, "ತೇರೆಸೆ ನೈ ಹೋತಾ" ಎಂದು ಉರ್ದುವಿನಲ್ಲಿ. ಹೀಗೆ ನನ್ನ ಭವಿಷ್ಯಕ್ಕೆ ನಾಲ್ಕು ಬೀಗ ಜಡಿದರು! ಅದು ಅವರ ಕಸುಬು. ನಮ್ಮ ಜೊತೆಗೇ ಇದ್ದ ಮಾವ, ಕೇಸಿದ್ದಾಗ ಕೋರ್ಟಿನವರು ಕರೆಸಿಕೊಳ್ಳುವ ದುಭಾಷಿ. ಕನ್ನಡ ಬಾರದ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರಿಗೆ, ನ್ಯಾಯಾಧೀಶರು ಕೇಳಿದ್ದನ್ನು ಸಾಕ್ಷಿಗೆ ತಿಳಿಯುವಂತೆ ಹೇಳುವ ಕೆಲಸ.

ಇಷ್ಟು ಭಾಷೆ ಬಲ್ಲವರು ಮನೆಯಲ್ಲಿ ಎಷ್ಟು ಮಾತಾಡಬೇಕು? ಕೇಸಿದ್ದ ದಿನ ಒಂದಕ್ಷರವೂ ಇಲ್ಲ! ಸ್ನಾನ ಮುಗಿದಾಗ ಮುಚ್ಚಿದ ಬಾಯಿ ತೆರೆಯುತ್ತಿದ್ದದ್ದು ಕೋರ್ಟಿನಲ್ಲೇ.

"ನಾಲಿಗೆ ಖಾಲಿ ಇರ್ಬೇಕು ಕಣೇ. ಚಟ್ನಿಗೆ ಉಪ್ಪು ಸಾಲ್ದು ಅಂತ ಅದನ್ನ ಖರ್ಚು ಮಾಡ್ಬಿಟ್ರೆ, ಸಾಕ್ಷಿ ಮಾತಿಗೆ ಜಾಗ ಎಲ್ಲಿ?" ಎಂದು ಹಿಂದಿನ ದಿನವೇ ವಿವರಿಸಿಬಿಡುತ್ತಿದ್ದರು.

ಬಾಯಿ ಸುಮ್ಮನಿದ್ದರೆ ಕಾಲು ಸುಮ್ಮನಿರಬೇಕಲ್ಲ? ಅದೂ ಇಲ್ಲ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಗೆ ಇದ್ದದ್ದೇ ಎರಡು ಕೋಣೆ. ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಮಾವನ ಶತಪಥ.

"ಒಂದ್ಕಡೆ ಕೂತ್ಕೊ ಅಣ್ಣಾ, ನೋಡಿ ನೋಡಿ ನಂಗೇ ತಲೆ ಸುತ್ತುತ್ತೆ!" ಎನ್ನುತ್ತಿದ್ದಳು ಅಮ್ಮ.

ಮಾವ ಎರಡು ಬೆರಳು ಎತ್ತಿ, ಮೂಗು ಮುಚ್ಚಿಕೊಂಡು ತೋರಿಸುವರು.

"ಎರಡನೇ ದೋಸೆ ಸೀದಿದೆಯಂತಮ್ಮ" ಎಂದು ನಾನು ಬಿಡಿಸಿ ಹೇಳಬೇಕು. ನೋಡಿ, ದುಭಾಷಿಗೇ ಒಬ್ಬಳು ದುಭಾಷಿ!

ಬಸ್ಸಿನಲ್ಲೂ ಇದೇ ಕಥೆ. ಮಾಗಡಿ ರಸ್ತೆಯ ಕಂಡಕ್ಟರೊಬ್ಬ ಇವರನ್ನು ಮೂಗರೆಂದೇ ನಂಬಿದ್ದ. "ಏಯ್, ಎದ್ದೇಳ್ರೀ, ಪಾಪ ಮಾತು ಬರಲ್ಲ ಅವ್ರಿಗೆ" ಎಂದು ಪ್ರತಿ ಸಲವೂ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಿದ್ದ. ಒಂದು ದಿನ ಯಾವುದೋ ಅಪಘಾತದ ಕೇಸಿಗೆ ಸಾಕ್ಷಿಯಾಗಿ ಅವನೇ ಕೋರ್ಟಿಗೆ ಬಂದು ಕೂತ. ಎದುರಿಗೆ ನಮ್ಮ ಮಾವ ತೆಲುಗಿನಲ್ಲಿ ಗರ್ಜಿಸುತ್ತಿದ್ದಾರೆ! ಕಂಡಕ್ಟರು ದಡಬಡಿಸಿ ಎದ್ದು ಕೈಮುಗಿದನಂತೆ: "ಸ್ವಾಮೀ, ಬಾಯಿ ಬಂದ್ಬಿಡ್ತಲ್ಲಾ ನಿಮ್ಗೆ! ಯಾವ ದೇವ್ರಿಗೆ ಹರಕೆ ಹೊತ್ರಿ?"

ಮೌನದ ಜೊತೆಗೆ ಇನ್ನೊಂದು ರಕ್ಷೆ ಇತ್ತು: ಪೆನ್ನಿಲ್ಲದ ಪೆನ್ನಿನ ಕ್ಯಾಪು. ಮಾವ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಬಿದ್ದವರು. ಆ ಪರೀಕ್ಷೆಗೆಂದು ಕೊಂಡ ಪೆನ್ನು ಎಲ್ಲೋ ಕಳೆದು ಕ್ಯಾಪು ಉಳಿಯಿತು. ಮೊದಲ ಕೇಸಿನ ದಿನ ಅದು ಜೇಬಿನಲ್ಲಿತ್ತು, ಕೆಲಸ ಸುಗಮವಾಯಿತು. ಅಂದಿನಿಂದ ಅದಿಲ್ಲದೆ ಹೊಸಿಲು ದಾಟಿದವರಲ್ಲ. ಅವರೊಬ್ಬರೇ ಹೀಗೆ ಅಂದುಕೊಳ್ಳಬೇಡಿ. ಅವರ ಜೊತೆಗಾರ, ಉರ್ದು ದುಭಾಷಿ ಸಾಹೇಬರು, ಒಣ ಶುಂಠಿಯ ಒಂದೇ ತುಂಡನ್ನು ವರ್ಷಗಟ್ಟಲೆ ಮುಷ್ಟಿಯಲ್ಲಿ ಹಿಡಿದೇ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದರು. ಅದನ್ನು ತಿನ್ನುವಂತಿಲ್ಲ, ಮೂಸುವಂತೆಯೂ ಇಲ್ಲ!

ಕೊನೆಯ ವರ್ಷದ ಇಂಗ್ಲಿಷಿನಲ್ಲಿ ನಾನು ಬಿದ್ದೆ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಲೇತ್ ತಿರುಗಿಸುತ್ತಿದ್ದ ಅಪ್ಪ, ಹೆಬ್ಬೆಟ್ಟು ಒತ್ತಿ ಸಂಬಳ ತರುವವರು, ಕಡ್ಡಿ ತುಂಡು ಮಾಡಿದಂತೆ ಹೇಳಿದರು: "ಇನ್ನೊಂದೇ ಸಲ. ಆಗ್ಲಿಲ್ವಾ, ಪುಸ್ತಕ ಎತ್ತಿಡು, ಗಂಡು ನೋಡ್ತೀನಿ." ಮಾವ ತಮ್ಮ ನಾಲ್ಕು ಬೀಗಗಳನ್ನು ಮತ್ತೊಮ್ಮೆ ಅಲುಗಾಡಿಸಿ ನೋಡಿದರು.

ಮರುಪರೀಕ್ಷೆಯ ಬೆಳಿಗ್ಗೆ ಮಾವನಿಗೂ ಕೇಸಿತ್ತು. ಹಾಗಾಗಿ ಮಾತಿಲ್ಲ. ನಾನು ಚಪ್ಪಲಿ ಮೆಟ್ಟುವಾಗ ಶತಪಥ ನಿಂತಿತು. ಹತ್ತಿರ ಬಂದು ನನ್ನ ಅಂಗೈ ಬಿಡಿಸಿದರು, ಕ್ಯಾಪು ಇಟ್ಟರು, ಬೆರಳುಗಳನ್ನು ತಾವೇ ಮಡಚಿದರು. ಮತ್ತೆ ಒಲೆಯ ಕಡೆ ನಡೆದರು. ಅದಕ್ಕೆ ಅರ್ಥ ಹೇಳಲು ದುಭಾಷಿಯ ದುಭಾಷಿಯಾದ ನನಗೂ ತಿಳಿಯಲಿಲ್ಲ.

ಸಂಜೆ ಶುಂಠಿ ಸಾಹೇಬರು ಮನೆ ಹುಡುಕಿಕೊಂಡು ಬಂದರು. "ನಿಮ್ಮ ಮಾವನಿಗೆ ಇವತ್ತು ಏನಾಗಿತ್ತಮ್ಮಾ? ಸಾಕ್ಷಿ ತೆಲುಗಲ್ಲಿ ಹೇಳಿದ್ದನ್ನ ಇವ್ರು ಜಡ್ಜ್ ಸಾಹೇಬ್ರಿಗೆ ತೆಲುಗಲ್ಲೇ ಹೇಳಿದ್ರು, ಇನ್ನೂ ಜೋರಾಗಿ! ಅರ್ಥ ಆಗ್ಲಿಲ್ಲ ಅಂದ್ರೆ ಮತ್ತೆ ತೆಲುಗು! ಇಷ್ಟು ವರ್ಷದಲ್ಲಿ ಹಿಂಗೆ ಆಗಿರ್ಲಿಲ್ಲ."

"ಗಂಟಲು ಕಟ್ಟಿತ್ತು" ಎಂದರು ಮಾವ, ಗೋಡೆ ನೋಡುತ್ತಾ. ಗಂಟಲು ಕಟ್ಟಿದವರು ಯಾರಾದರೂ ಜೋರಾಗಿ ಕೂಗುತ್ತಾರೆಯೇ?

ನಾನು ಕ್ಯಾಪು ಚಾಚಿದೆ. ತೆಗೆದುಕೊಳ್ಳಲಿಲ್ಲ. "ಸರ್ಟಿಫಿಕೇಟ್ ಕೈಗೆ ಬರ್ಲಿ, ಇಟ್ಕೋ." ಅಲ್ಲಿಯವರೆಗೆ ಕೇಸಿಲ್ಲದ ದಿನವೂ ಶತಪಥ ನಡೆಯಿತು. ನಮ್ಮ ಮನೆಯ ಕೆಂಪು ನೆಲ ಒಂದು ಗೆರೆಯಲ್ಲಿ ಬೆಳ್ಳಗಾಯಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಪಾಸಾದೆ. ಕ್ಯಾಪಿನಿಂದಲ್ಲ, ಓದಿ ಪಾಸಾದೆ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಆದರೆ ಪರೀಕ್ಷೆಯ ಮೂರು ಗಂಟೆಯೂ ಅದು ನನ್ನ ಎಡಮುಷ್ಟಿಯಲ್ಲೇ ಇತ್ತು.

ಘಟಿಕೋತ್ಸವದ ಬೆಳಿಗ್ಗೆ ಸ್ನಾನವಾದ ಮೇಲೆ ಮಾವನ ಬಾಯಿ ಮುಚ್ಚಿತು.

"ಇವತ್ತು ಯಾವ ಕೇಸು ಅಣ್ಣಾ?" ಎಂದಳು ಅಮ್ಮ.

ಮಾವ ನನ್ನತ್ತ ಬೆರಳು ತೋರಿಸಿದರು.

ಸಮಾರಂಭ ಮುಗಿಸಿ ಹೊರಗೆ ಬಂದು, ಸರ್ಟಿಫಿಕೇಟನ್ನೂ ಅದರ ಮೇಲೆ ಕ್ಯಾಪನ್ನೂ ಅವರ ಕೈಗಿಟ್ಟೆ. ಮಾವ ತುಟಿ ಆಡಿಸುತ್ತಾ ಓದಿದರು. ನನ್ನ ಹೆಸರು ಬಂದಲ್ಲಿ ನಿಂತು, ಇನ್ನೊಮ್ಮೆ ಮೊದಲಿನಿಂದ ಓದಿದರು. ಕಾಲು ಮಾತ್ರ ಅಲುಗಾಡಲೇ ಇಲ್ಲ. ಕೊನೆಗೆ ಆ ದಿನದ ಮೊದಲ ಮಾತು ಹೊರಬಂತು:

"ನಿನ್ನ ಕೈಲಾಗಲ್ಲ ಅಂತಿದ್ನಲ್ಲ, ಅದು ತಪ್ಪು ತರ್ಜುಮೆ ಕಣೇ. ನನ್ನ ಕೈಲಾಗ್ಲಿಲ್ಲ ಅಂತ ಹೇಳ್ಬೇಕಿತ್ತು."