ಹದಿನೆಂಟು ಡಿಗ್ರಿಯಲ್ಲಿ ವೀಳ್ಯದೆಲೆ

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಎ.ಸಿ., ಫ್ರಿಜ್ ರಿಪೇರಿ ಕಲಿಯಲು ಶಿಗ್ಗಾಂವಿಯ ಕಾಲೇಜು ಸೇರಿದಾಗ ಸವಣೂರಿನ ನಮ್ಮ ಓಣಿಗೆ ಓಣಿಯೇ ನಕ್ಕಿತು. ನಗಲಿ ಬಿಡಿ! ನಾಲ್ಕೇ ತಿಂಗಳಲ್ಲಿ ನಮ್ಮ ಮನೆಯ ಹಳೆಯ ಎ.ಸಿ. ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಮೂರು ಸ್ಕ್ರೂ ಉಳಿದವು. ಆದರೂ ಅದು ತಣ್ಣಗೆ ಊದಿತು. ಅಂದಿನಿಂದ ನನ್ನ ನಡಿಗೆಯೇ ಬೇರೆಯಾಯಿತು.

ಅಷ್ಟರಲ್ಲಿ ಮಗಳ ನಿಶ್ಚಯ ಬಂತು. ಬೀಗರು ಹಿರೇಕೆರೂರಿನವರು. ವೀಳ್ಯದೆಲೆಗೇ ಹೆಸರಾದ ಸವಣೂರಿನ ಮನೆಯಲ್ಲಿ ಊಟ ಹೆಚ್ಚುಕಡಿಮೆಯಾದರೂ ನಡೆದೀತು, ತಾಂಬೂಲದ ಎಲೆ ಬಾಡಿದ್ದರೆ ಮಾನ ಹೋದಂತೆಯೇ. ಹಿಂದಿನ ದಿನ ಬೆಳಿಗ್ಗೆ ಯಜಮಾನರು ಎಲೆ ಅಂಗಡಿಯ ಮಾಬುಸಾಬ್ ಚಾಚಾನ ಹತ್ತಿರದಿಂದ ಎಲೆಯ ಕಟ್ಟುಗಳನ್ನು ತಂದರು.

“ಹಸಿ ಗೋಣಿಚೀಲದಾಗ ಸುತ್ತಿ ಇಡಬೇಕಂತ. ಚಾಚಾ ಹೇಳ್ಯಾನ.”

“ಮನ್ಯಾಗ ಓದಿದಾಕಿ ನಾ ಇರೂವಾಗ ಗೋಣಿಚೀಲ ಯಾಕ್ರಿ?” ಎಂದೆ.

ಕಟ್ಟು ಬಿಚ್ಚಿ, ಎ.ಸಿ. ಎದುರಿಗೇ ಬಿಳಿ ಚಾದರದ ಮೇಲೆ ಎಲೆಗಳನ್ನು ಹರವಿ, ಹದಿನೆಂಟು ಡಿಗ್ರಿ ಇಟ್ಟು ಬಾಗಿಲು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹೊರಗಿನ ಪೈಪಿನಿಂದ ತೊಟ್ಟಿಕ್ಕಿದ ನೀರು ಬಕೆಟ್ಟಿನಲ್ಲಿ ಅರ್ಧ ತುಂಬಿತ್ತು.

“ನೋಡ್ರಿ, ಎಷ್ಟು ಛಲೋ ಕೆಲಸ ಮಾಡಾಕತ್ತೈತಿ!”

“ಇಷ್ಟು ನೀರು ಎಲ್ಲಿಂದ ಬಂತು?”

“ಖೋಲಿ ಗಾಳ್ಯಾಗಿಂದ!”

“ಮತ್ತ ಎಲಿ ಗತಿ?”

ಓಡಿಹೋಗಿ ಬಾಗಿಲು ತೆಗೆದೆ. ಎಲೆಗಳು ಹಪ್ಪಳವಾಗಿದ್ದವು! ಕಾಲೇಜಿನಲ್ಲಿ ಉಷ್ಣತೆಯ ಪಾಠಕ್ಕೆ ನಾನು ಹಾಜರಿದ್ದೆ. ತೇವಾಂಶದ ಪಾಠದ ದಿನ ಹುಬ್ಬಳ್ಳಿಯಲ್ಲಿ ನಿಶ್ಚಯದ ಸೀರೆ ಆರಿಸುತ್ತಿದ್ದೆ.

ಸೋಲೊಪ್ಪುವ ಪೈಕಿ ನಾನಲ್ಲ. ಬದುಕಿದ್ದ ನಾಲ್ಕಾರು ಎಲೆಗಳಿಗೆ ನೀರು ಚಿಮುಕಿಸಿ ಫ್ರೀಜರಿನಲ್ಲಿಟ್ಟೆ. ತಾಸಿನಲ್ಲಿ ಅವೂ ಕಪ್ಪಾದವು.

ಸಂಜೆ ಚಾಚಾನ ಅಂಗಡಿಗೆ ಹೋದಾಗ ಅಳುವೇ ಬಂತು. “ಎಲಿ ಎಲ್ಲಾ ಹಾಳ ಮಾಡೀನ್ರಿ ಚಾಚಾ. ನಾಳೆ ಬೀಗರು ಬರ್ತಾರ.”

ಆ ಅಂಗಡಿಯಲ್ಲಿ ಫ್ಯಾನೂ ಇರಲಿಲ್ಲ. ಚಾಚಾ ಮೂಲೆಯ ಬುಟ್ಟಿಯ ಮೇಲಿನ ಹಸಿ ಗೋಣಿಚೀಲ ಸರಿಸಿದ. ಎಲೆಗಳು ಆಗತಾನೆ ಕಿತ್ತಂತೆ ಹೊಳೆಯುತ್ತಿದ್ದವು.

“ಎಲಿಗೆ ಥಂಡಿ ಒಂದ ಸಾಲೂದಿಲ್ರಿ ಅಕ್ಕಾರ, ಹಸೀನೂ ಬೇಕು. ಒಯ್ರಿ. ನಾಳೆ ಅಂಗಡಿ ತಡಾ ಮಾಡಿ ತೆಗೀತೇನಿ.” ಮರುದಿನದ ಮಾರಾಟಕ್ಕಿಟ್ಟ ಎಲೆಯನ್ನೆಲ್ಲ ಕೊಟ್ಟುಬಿಟ್ಟ. ಆ ಉಪಕಾರ ನಾನು ಮರೆಯಲಾರೆ.

ನಿಶ್ಚಯ ಸುಸೂತ್ರವಾಯಿತು. ಬೀಗಿತಿ ಎಲೆ ಮಡಿಸುತ್ತ, “ಎಷ್ಟು ಎಳೀವು ಅದಾವ್ರಿ! ನೀವು ಎ.ಸಿ. ಕಲ್ಯಾಕತ್ತೀರಂತಲ್ಲ, ಅದರಾಗ ಇಟ್ಟಿದ್ರೇನು?” ಎಂದರು. ಯಜಮಾನರು ನನ್ನತ್ತ ನೋಡಿದರು. ನಾನು ಅವಸರದಲ್ಲಿ ಎರಡೆರಡು ಎಲೆ ಬಾಯಿಗೆ ತುರುಕಿಕೊಂಡು ಸುಮ್ಮನೆ ನಕ್ಕೆ. ಬೀಗಿತಿ ಅದನ್ನು ಹೌದೆಂದೇ ತಿಳಿದರು.

ಈಗ ಹಿರೇಕೆರೂರಿನಿಂದ ಫೋನು ಬಂದಿದೆ. ಅವರ ಮನೆಯ ಎ.ಸಿ.ಯನ್ನು ನಾನೇ ಬಂದು ನೋಡಬೇಕಂತೆ! ಹುಮ್ಮಸ್ಸಿನಿಂದ ಚೀಲ ತುಂಬತೊಡಗಿದೆ. ಯಜಮಾನರು ಕೈಮುಗಿದು ನಿಂತರು.

“ಮದುವಿ ಒಂದು ಆಗಲಿ ಮಾರಾಯ್ತಿ, ಆಮ್ಯಾಲೆ ಹೋಗೀಯಂತ!”

ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. ಮಗಳು ಅದನ್ನು ಎತ್ತಿಕೊಂಡು ಹೋಗಿ ತನ್ನ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.