ನೆತ್ತಿಗೇರಿದ ಜ್ವರ

ನಮ್ಮತ್ತೆ ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದೇ ಒಂದು ತಪ್ಪೂ ಮಾಡಿದವಳಲ್ಲ. ಮಾಡಿದ್ದೆಲ್ಲ ಅವಳ ಜ್ವರ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಭೇರ್ಯದ ಹತ್ತಿರದ ಹಳ್ಳಿಯವಳು. ತೊಟ್ಟಿಲ ಕೂಸಾಗಿದ್ದಾಗ ಅವಳಿಗೊಂದು ಜ್ವರ ಬಂದಿತ್ತಂತೆ. ಮೈ ಕೆಂಡ, ಕಣ್ಣು ಮೇಲಕ್ಕೆ, ಕೈಕಾಲು ಸೆಟೆದುಕೊಂಡು ಮನೆಯವರೆಲ್ಲ ಆಸೆ ಬಿಟ್ಟಿದ್ದರಂತೆ. ಕೂಸೇನೋ ಉಳಿಯಿತು. "ಆದ್ರೆ ಜ್ವರ ನೆತ್ತಿಗೇರಿ, ಇಳಿಯೋ ದಾರಿ ಮರ್ತೋಯ್ತು" ಎನ್ನುತ್ತಿದ್ದಳು ನಮ್ಮಜ್ಜಿ. ಅಲ್ಲಿಂದಾಚೆಗೆ ಅತ್ತೆ ಏನೇ ಎಡವಟ್ಟು ಮಾಡಲಿ, ಯಾರಾದರೂ ಬಾಯಿ ತೆರೆಯುವ ಮೊದಲೇ ಅವಳ ತೀರ್ಪು ಬಂದುಬಿಡುತ್ತದೆ. "ನಂದೇನಿಲ್ಲ ಕಣ್ಲಾ, ಎಳೇಲಿ ಜ್ವರ ನೆತ್ತಿಗೇರಿತ್ತು!" ಇದರ ಮೇಲೆ ಅಪೀಲು ಹೋಗುವಂತಿಲ್ಲ.

ಒಮ್ಮೆ ಮನೆಗೆ ನೆಂಟರು ಬಂದಿದ್ದರು. ಅತ್ತೆ ಬಸ್ಸಾರಿಗೆಂದು ಸೊಪ್ಪು ಕಾಳು ಬೇಯಿಸಿದಳು, ಬಸಿದಳು, ಬಸಿದ ರಸವನ್ನು ನೇರವಾಗಿ ಒಯ್ದು ಹಸುವಿನ ಕಲಗಚ್ಚಿಗೆ ಸುರಿದು ಬಂದಳು! ತಟ್ಟೆಯಲ್ಲಿ ಮುದ್ದೆಯಿದೆ, ಪಲ್ಯವಿದೆ, ಸಾರೇ ಇಲ್ಲ. ಮುದ್ದೆಯನ್ನೇನು ಗಾಳಿಯಲ್ಲಿ ಅದ್ದಿ ನುಂಗುವುದೇ? ಮಾವ ಕಣ್ಣು ಕೆಂಪಗೆ ಮಾಡಿದರೆ ಅತ್ತೆ ಅವನ ಮೇಲೇ ತಿರುಗಿಬಿದ್ದಳು. "ಯಾಕೆ, ಅಸೂಗೆ ಒಂದಿನ ಬಾಯ್ರುಚಿ ಬ್ಯಾಡ್ವಾ?" ಆ ಸಂಜೆ ಹಸು ಒಂದು ಚೊಂಬು ಹಾಲು ಹೆಚ್ಚಿಗೆ ಕೊಟ್ಟಿತು ಎಂಬುದು ಅವಳ ವಾದ. ಕಂಡವರು ಮಾತ್ರ ಯಾರೂ ಇಲ್ಲ.

ಇನ್ನು ಹುಣಸೂರಿನ ಮದುವೆ! ಅಕ್ಕಪಕ್ಕ ಎರಡು ಛತ್ರ. ನಾವೆಲ್ಲ ಬಲಗಡೆಯದಕ್ಕೆ ಹೋದರೆ ಇವಳು ಎಡಗಡೆಯದಕ್ಕೆ ನುಗ್ಗಿದ್ದಾಳೆ. ಹೆಣ್ಣಿನ ಸೆರಗು ಸರಿಮಾಡಿದ್ದಾಳೆ, ಅಡುಗೆ ಭಟ್ಟರಿಗೆ ಉಪ್ಪು ಕಡಿಮೆಯೆಂದು ಬೈದಿದ್ದಾಳೆ, ಗಂಡು ಹೆಣ್ಣಿನ ನಡುವೆ ನಿಂತು ಫೋಟೋ ತೆಗೆಸಿಕೊಂಡಿದ್ದಾಳೆ. ನಾವು ಹುಡುಕಿಕೊಂಡು ಹೋದಾಗ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದಳು.

"ಅಲ್ಲ ಅತ್ತೆ, ಗಂಡು ಯಾರು ಹೆಣ್ಣು ಯಾರು ಗೊತ್ತಿಲ್ಲ. ನಿಂಗೆ ಅನುಮಾನನೇ ಬರ್ಲಿಲ್ವಾ?"

"ಬಂತು ಕಣ್ಲಾ. ನಮ್ಮೋರು ಯಾವತ್ತು ನನ್ನ ಇಷ್ಟು ಚೆಂದಾಗಿ ಮಾತಾಡ್ಸಿದ್ರು ಅಂತ!"

ಆ ಎಡಗಡೆ ಛತ್ರದವರು ಹೋದ ವರ್ಷ ಪಿರಿಯಾಪಟ್ಟಣದಲ್ಲಿ ಮೊಮ್ಮಗುವಿನ ನಾಮಕರಣ ಮಾಡಿದರು. ಅತ್ತೆಗೆ ಕರೆ ಬಂತು. ನಮಗೆ ಬರಲಿಲ್ಲ.

ಮಾವನಿಗೆ ಮಾತ್ರ ಈ ಜ್ವರದ ಮೇಲೆ ಗುಮಾನಿ. "ಎಲ್ಲಾನೂ ಮರೀತಾಳೆ. ನಮ್ ಮದ್ವೇಲಿ ನಾನು ಇವಳ ಸೀರೆ ಬಣ್ಣ ಚೆಂದಾಗಿಲ್ಲ ಅಂದದ್ದು ಮಾತ್ರ ಮರ್ತಿಲ್ಲ. ಭಾರಿ ಬುದ್ವಂತ ಜ್ವರ ಕಣಪ್ಪ ಅದು!"

ಹೋದ ಮಳೆಗಾಲದಲ್ಲಿ ನಾವು ಅತ್ತೆಯ ಮನೆಗೆ ಹೋಗಿದ್ದಾಗ, ಇನ್ನೂ ತೊದಲು ನುಡಿಯುವ ನನ್ನ ಮಗಳಿಗೆ ಜ್ವರ ಬಂತು. ನೋಡನೋಡುತ್ತಿದ್ದಂತೆ ಕಣ್ಣು ಮೇಲೆ ಸಿಕ್ಕಿ, ಕೈಕಾಲು ಸೆಟೆದುಕೊಂಡವು. ಸಿಕ್ಕಿದ ಗೂಡ್ಸ್ ಆಟೋದಲ್ಲಿ ಕೆ.ಆರ್. ನಗರಕ್ಕೆ ಓಡಿದೆವು. ದಾರಿಯಲ್ಲೇ ಮೈ ಸಡಿಲಾಗಿ ಮಗು ಅಳತೊಡಗಿತು. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಮಲಗಿಸಿದರು. ಅಷ್ಟು ಹೊತ್ತೂ ಅತ್ತೆ ಮಗುವಿನ ಪಾದ ತಿಕ್ಕುತ್ತಲೇ ಇದ್ದಳು. ಡಾಕ್ಟರಮ್ಮ ಬಂದ ಕೂಡಲೇ ಎದ್ದು ನಿಂತಳು.

"ಡಾಕ್ಟ್ರವ್ವಾ, ಈ ಕೂಸು ನನ್ನಂಗೆ ಆಗ್ಬುಡ್ತದಾ?"

"ನಿಮ್ಮ ಹಾಗೆ ಅಂದ್ರೆ?"

"ತಲೆ ಸಡ್ಲ. ನಂಗೂ ಎಳೇಲಿ ಇಂಗೇ ಆಗಿತ್ತು. ಜ್ವರಗಿತ್ತಿ ಅಂತ ಎಲ್ರೂ ನಗೋರು. ಇವ್ಳಿಗೆ ವಿದ್ಯೆ ಅತ್ತಕಿಲ್ಲ ಅಂತ ನಮ್ಮಪ್ಪ ಎರಡ್ನೇ ಕ್ಲಾಸ್ಗೇ ಬುಡುಸ್ಬುಟ್ರು. ಬ್ಯಾರೆಯೋರು ನಗೋಕ್ಮುಂಚೆ ನಾನೇ ಅಂದ್ಕೊಂಡು ನಗೋದು ಕಲ್ತೆ. ಈ ಕೂಸಿಗೆ ಅದು ಬ್ಯಾಡ ಕಣವ್ವ."

ಡಾಕ್ಟರಮ್ಮ ಅವಳನ್ನು ಕೂರಿಸಿ ನಿಧಾನವಾಗಿ ಹೇಳಿದರು. "ಎಳೇ ಮಿದುಳಲ್ಲಿ ನರಕ್ಕೂ ನರಕ್ಕೂ ಬೆಸುಗೆ ಇನ್ನೂ ಬೀಳ್ತಾ ಇರುತ್ತೆ. ಜ್ವರ ಜೋರಾದ್ರೆ ಅಲ್ಲೊಂದಿಷ್ಟು ಗಲಿಬಿಲಿ ಆಗುತ್ತೆ. ಆದ್ರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗೇ ಬೆಳೀತಾರೆ."

"ನಾಟಿ ಪೈರು ನಾಕ್ ದಿನ ಬಾಡಿ, ಆಮ್ಯಾಕೆ ಅಸ್ರು ತಿರುಗ್ದಂಗೆ?"

"ಹಾಗೇ ಅಂದ್ಕೊಳ್ಳಿ."

"ಅಂಗಾರೆ ನಂದು?"

"ಅಷ್ಟು ಹಳೇ ಜ್ವರದ ಬಗ್ಗೆ ಖಚಿತವಾಗಿ ಯಾರು ಹೇಳ್ತಾರಮ್ಮ? ನನಗೇನೋ, ನೀವಿರೋದೇ ಹೀಗೆ ಅನ್ಸುತ್ತೆ!"

ಅತ್ತೆ ನನ್ನ ಕಡೆ ತಿರುಗಿದಳು. "ಅಂದ್ರೆ ಅಷ್ಟೂ ನಾನೇನಾ?"

"ಅಷ್ಟೂ ನೀನೇ ಅತ್ತೆ."

ಅವಳ ಮುಖ ಅರಳಿತು. ಏನೋ ಗೆದ್ದವಳಂತೆ ಸುತ್ತ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಂಗಾರೆ ನಾನು ಮುಂದ್ಕೂ ಇಸ್ಕೂಲಿಗೆ ಓಗ್ಬೋದಾಗಿತ್ತು, ಅಲ್ವೇನ್ಲಾ?"

ಮಗಳನ್ನು ಎತ್ತಿ ಅವಳ ಮಡಿಲಲ್ಲಿ ಮಲಗಿಸಿ, ಪಕ್ಕದಲ್ಲೇ ಕೂತೆ.