ಗುಡುಗಿಗೆ ಪ್ಲಗ್ ಕೀಳುವ ಮನೆಯಲ್ಲಿ ವೈಫೈ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕಾಗುತ್ತದೆ. ನನಗೆ ಸ್ವಲ್ಪ ಬಿಡುವು ಸಿಕ್ಕಿದರೆ ಸಾಕು. ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದು, ಆರಿಸಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುವ ಜಾತಿ ನನ್ನದು. 'ಎಂತದೂ ಆಗಲ್ಲ ಬಿಡು' ಎಂದು ಯಾರಾದರೂ ಧೈರ್ಯ ಹೇಳಿದರಂತೂ ಮುಗಿಯಿತು. ಏನೋ ಆಗುವುದಿದೆ, ಇವರಿಗೆ ಗೊತ್ತಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ನಮ್ಮ ಯಜಮಾನರು ಮದುವೆಯಾದಂದಿನಿಂದ ದಿನಕ್ಕೆ ನಾಲ್ಕು ಸಲ ಇದೇ ಮಾತು ಹೇಳುತ್ತಾ ಬಂದಿದ್ದಾರೆ. ಇಂಥ ನಾನು ನಮ್ಮ ಮನೆಗೆ ವೈಫೈ ರೂಟರ್ ಕೂರಿಸಿದೆ. ಅದರ ಕಥೆ ಹೇಳುತ್ತೇನೆ.

ಕೊಪ್ಪದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ನಾನು ಪ್ರೂಫ್ ತಿದ್ದುತ್ತಿದ್ದೆ. ಲಗ್ನಪತ್ರಿಕೆಯಲ್ಲಿ ವರನ ಜಾಗಕ್ಕೆ ವಧುವಿನ ಸೋದರಮಾವನ ಹೆಸರು ಹೋಗದಂತೆ ಕಾಯುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಅದೊಂದೇ ಇರಬೇಕು. ಒಂದು ದಿನ ಪ್ರೆಸ್ ಮುಚ್ಚಿತು. ಆಮೇಲೆ ಎರಡು ವರ್ಷ ಮನೆಯಲ್ಲಿ ಕೂತೆ. ಮನೆಯವರು ಯಾರೂ ಒಂದು ಮಾತು ಅನ್ನಲಿಲ್ಲ. ಆದರೂ ನನಗೆ ಒಳಗೊಳಗೇ ಅವಮಾನ. ನಲವತ್ತೊಂಬತ್ತಕ್ಕೇ ನನ್ನ ಉಪಯೋಗ ಮುಗಿಯಿತೇ ಎಂದು ಅಡುಗೆಮನೆಯಲ್ಲಿ ಒಬ್ಬಳೇ ಅತ್ತದ್ದೂ ಉಂಟು. ಹೀಗಿರುವಾಗ ಮೈಸೂರಿನಲ್ಲಿ ಮಕ್ಕಳ ಪುಸ್ತಕ ಮಾಡುವವರೊಬ್ಬರಿಗೆ ಮನೆಯಿಂದಲೇ ಕರಡು ತಿದ್ದುವವರು ಬೇಕೆಂದು ತಿಳಿದು ಅರ್ಜಿ ಹಾಕಿದೆ. ಪರೀಕ್ಷೆಗೆಂದು ಅವರು ಕಳಿಸಿದ ಪುಟಗಳನ್ನು ತಿದ್ದಿ ಕಳಿಸಿದೆ, ಮೆಚ್ಚಿದರು. ಉಳಿದದ್ದು ವಿಡಿಯೊದಲ್ಲಿ ಸಂದರ್ಶನ, ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. "ನಮ್ಮ ಕೆಲಸವೆಲ್ಲ ಆನ್‌ಲೈನ್. ನೆಟ್ ಮಾತ್ರ ಕಡಿಯಬಾರದು" ಎಂದು ಅಲ್ಲಿನ ಮೇಡಂ ಫೋನಿನಲ್ಲಿ ಎರಡು ಸಲ ಹೇಳಿದ್ದರು.

ಅಲ್ಲಿಯವರೆಗೆ ನಮ್ಮ ಮನೆಯ ನೆಟ್ ಎಂದರೆ ಕಿಟಕಿಯ ಸರಳಿಗೆ ಒರಗಿಸಿಟ್ಟ ಯಜಮಾನರ ಮೊಬೈಲು. ಅವರು ಸೊಸೈಟಿಗೆ ಕೆಲಸಕ್ಕೆ ಹೊರಟರೆ ನೆಟ್ಟೂ ಅವರ ಜೇಬಿನಲ್ಲಿ ಹೊರಟುಹೋಗುತ್ತಿತ್ತು. ಹಾಗಾಗಿ ಕೇಬಲ್‌ನವರಿಂದ ಲೈನ್ ಎಳೆಸಿದೆ. ರೂಟರನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಅಶ್ರಫ್ ಸಾಹೇಬರ ಅಂಗಡಿಯಲ್ಲಿ ಕೊಂಡೆ. "ಎಂತ ಇಲ್ಲ ಅಕ್ಕ, ವಯರ್ ಚುಚ್ಚೋದು, ಪಾಸ್‌ವರ್ಡ್ ಹಾಕೋದು, ಅಷ್ಟೇ. ಚಿಂತೆ ಮಾಡ್ಬೇಡಿ" ಎಂದರು ಅವರು. ನನಗೆ ಎದೆ ಧಸಕ್ಕೆಂದದ್ದು ಆಗಲೇ.

ರೂಟರಿನ ಬೆನ್ನಿನಲ್ಲಿ ನಾಲ್ಕು ಹಳದಿ ತೂತು, ಒಂದು ನೀಲಿ ತೂತು. ನಾಲ್ವರು ಒಂದೇ ಬಣ್ಣದವರಿರುವಾಗ ಬಹುಮತಕ್ಕೆ ಬೆಲೆ ಕೊಡಬೇಕೆಂದು ವಯರನ್ನು ಹಳದಿಗೆ ಚುಚ್ಚಿದೆ. ಅರ್ಧ ದಿನ ಕೆಂಪು ದೀಪವೇ ಉರಿಯಿತು. ಕೊನೆಗೆ ಸಾಹೇಬರಿಗೆ ಫೋನು ಮಾಡಿದರೆ, "ಅಕ್ಕ, ನೀಲಿಗೆ ಹಾಕಿ ಮಾರಾಯ್ರೆ" ಎಂದರು. ಆಮೇಲೆ ಪಾಸ್‌ವರ್ಡ್. ನಾನು ಏನು ಬರೆದರೂ 'ದುರ್ಬಲ' ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತು. ಯಜಮಾನರ ಹೆಸರು ಹಾಕಿದೆ, ದುರ್ಬಲ. ನನ್ನ ಹೆಸರು ಹಾಕಿದೆ, ದುರ್ಬಲ. ಎರಡೂ ಸೇರಿಸಿದರೂ ದುರ್ಬಲವೇ. ಇಪ್ಪತ್ತೈದು ವರ್ಷದ ಸಂಸಾರದ ಬಗ್ಗೆ ಒಂದು ಪೆಟ್ಟಿಗೆಯಿಂದ ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರಬೇಕಾಯಿತು. ಕಡೆಗೆ ನನಗೇ ಬಾಯಿಗೆ ಬಾರದಂಥದ್ದೊಂದನ್ನು ಕಟ್ಟಿ, ಚೀಟಿಯಲ್ಲಿ ಬರೆದು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಕಂಪ್ಯೂಟರ್ ಸೇರಿಕೊಂಡಿತು, ಮೊಬೈಲುಗಳೂ ಸೇರಿದವು. ಪ್ರಿಂಟರ್ ಎರಡು ದಿನ ಬಿಗುಮಾನ ಮಾಡಿ ಮಂಗಳವಾರ ಸಂಜೆ ಒಲಿಯಿತು.

ಇಷ್ಟಾದ ಮೇಲೂ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ನನ್ನ ನಿಜವಾದ ಭಯ ರೂಟರಿನದ್ದಲ್ಲ, ಅತ್ತೆಯವರದ್ದು. ನಮ್ಮ ಅತ್ತೆಗೆ ಎಪ್ಪತ್ತೆಂಟು. ಹಿಂದೊಮ್ಮೆ ಎದುರುಮನೆಯ ಟಿವಿ ಸಿಡಿಲಿಗೆ ಸುಟ್ಟು ಹೊಗೆಯೆದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅಂದಿನಿಂದ ದೂರದ ಶೃಂಗೇರಿ ಕಡೆ ಗುಡುಗಿದರೂ ಸಾಕು, ಟಿವಿ, ಫ್ರಿಜ್ಜು, ಮಿಕ್ಸಿ, ಚಾರ್ಜರು ಎಲ್ಲದರ ಪ್ಲಗ್ಗನ್ನೂ ಕಿತ್ತುಹಾಕುತ್ತಾರೆ. ಅವರೊಬ್ಬರೇ ಏನಲ್ಲ. ನಮ್ಮ ಕಡೆ ಗುಡುಗಿದರೆ ಜನ ಮೊದಲು ಪ್ಲಗ್ ಕೀಳುತ್ತಾರೆ, ಆಮೇಲೆ ಒಣಹಾಕಿದ ಬಟ್ಟೆಯ ಕಡೆ ಓಡುತ್ತಾರೆ. ಅದು ಮೇ ತಿಂಗಳು ಬೇರೆ. ಮಧ್ಯಾಹ್ನ ಮೂರಾಯಿತೆಂದರೆ ಗಡಿಯಾರ ನೋಡಿಕೊಂಡವರಂತೆ ಗುಡುಗು ಶುರುವಾಗುವ ಕಾಲ. ಕರೆಂಟು ಹೋದರೆ ಇನ್ವರ್ಟರ್ ಇದೆ, ಅತ್ತೆ ಬಂದರೆ ಏನಿದೆ?

ಬುಧವಾರ ಬೆಳಿಗ್ಗೆ ಕಾಫಿ ಕೊಡುತ್ತಾ ವಿಷಯ ತೆಗೆದೆ. "ಅತ್ತೆ, ಇವತ್ತು ಮೂರು ಗಂಟೆಗೆ ಇಂಟರ್‌ವ್ಯೂ. ಒಂದು ಅರ್ಧ ಗಂಟೆ ಆ ರೂಟರಿನ ಪ್ಲಗ್ ಮುಟ್ಟಬೇಡಿ."

"ಸಿಡಿಲಿಗೆ ನಿನ್ನ ಇಂಟರ್‌ವ್ಯೂ ಗೊತ್ತಾಗ್ತದಾ ಮಾರಾಯ್ತಿ?" ಎಂದರು.

ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಲೋಟ ಕೆಳಗಿಟ್ಟು, "ಆಯ್ತು, ಮುಟ್ಟೂದಿಲ್ಲ. ನೀ ಹೀಂಗೆ ಸಪ್ಪೆ ಮುಖ ಹಾಕ್ಕಂಡು ಕೂರೂದು ನಂಗೂ ನೋಡ್ಲಿಕ್ಕೆ ಆಗೂದಿಲ್ಲ" ಎಂದರು. ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ನಾನು ನಂಬಬೇಕಿತ್ತು. ನಂಬಲಿಲ್ಲ. ಪ್ಲಗ್ಗಿನ ಮೇಲೆ ಅಡ್ಡಡ್ಡ ಟೇಪ್ ಸುತ್ತಿ, 'ಮುಟ್ಟಬಾರದು' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಓದಿ ಒಳಗೆ ಹೋದರು.

ಮೂರಕ್ಕೆ ಸರಿಯಾಗಿ ಮೇಡಂ ಪರದೆಯ ಮೇಲೆ ಬಂದರು. ಒಳ್ಳೆಯವರು, ನಗುತ್ತಾ ಮಾತಾಡಿಸಿದರು. ಹತ್ತು ನಿಮಿಷಕ್ಕೆಲ್ಲ ನಾನೂ ನಗುತ್ತಾ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ದೂರದಲ್ಲಿ ಗುಡುಗಿತು. ಓರೆಗಣ್ಣಿನಲ್ಲಿ ನೋಡುತ್ತೇನೆ, ಅತ್ತೆ ಸ್ಟೂಲ್ ತಂದು ಪ್ಲಗ್ಗಿನ ಪಕ್ಕದಲ್ಲೇ ಹಾಕಿಕೊಂಡು ಕೂತಿದ್ದಾರೆ! ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಕಟ್ಟಿಕೊಂಡು, ಸಿಡಿಲು ತಾಗದಿರಲೆಂದು ಅರ್ಜುನನ ಹೆಸರುಗಳನ್ನು ಪಿಟಿಪಿಟಿ ಹೇಳುತ್ತಿದ್ದಾರೆ. ನನ್ನ ಅರ್ಧ ಜೀವ ಆ ಸೆರಗಿನ ಮೇಲೇ ಇತ್ತು. ಮೇಡಂ ಕೇಳಿದರು: "ಕೊನೇ ಪ್ರಶ್ನೆ. ನಿಮ್ಮ ಕಡೆ ನೆಟ್ ಹೇಗೆ? ನಡುವೆ ಕೈಕೊಡುವುದಿಲ್ಲ ತಾನೇ?"

"ಅದರ ಚಿಂತೆಯೇ ಬೇಡ ಮೇಡಂ," ಎಂದೆ, ಜೀವನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಧೈರ್ಯ ಹೇಳುತ್ತಾ. "ನಮ್ಮ ಮನೆಯಲ್ಲಿ ನೆಟ್ ಒಂದು ಕ್ಷಣವೂ..."

ಸೂರು ಹಾರಿಹೋಗುವಂತೆ ಸಿಡಿಲು ಬಡಿಯಿತು. ಮುಂದಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಪ್ರಜ್ಞೆ ಬಂದಾಗ ನಾನು ಕೋಣೆಯ ಆ ತುದಿಯಲ್ಲಿ, ಅತ್ತೆಯ ಸ್ಟೂಲನ್ನು ದಾಟಿ ನಿಂತಿದ್ದೆ. ನನ್ನ ಬಲಗೈಯಲ್ಲಿ ರೂಟರಿನ ಪ್ಲಗ್ ಇತ್ತು, ಅದರ ಜೊತೆ ಕಿತ್ತುಬಂದ ಟೇಪು ಮತ್ತು 'ಮುಟ್ಟಬಾರದು' ಚೀಟಿ. ಪರದೆಯ ಮೇಲೆ ಮೇಡಂ ಅರ್ಧ ಬಾಯಿ ತೆರೆದು ಹಾಗೇ ನಿಂತುಹೋಗಿದ್ದರು. ಅತ್ತೆ ಸೆರಗಿನಿಂದ ಎರಡೂ ಕೈ ಹೊರತೆಗೆದು ನನಗೆ ತೋರಿಸಿ, "ನಾನು ಮುಟ್ಲಿಲ್ಲ" ಎಂದರು.

ಇಪ್ಪತ್ತೈದು ವರ್ಷ ಈ ಮನೆಯಲ್ಲಿ ಗುಡುಗು ಕೇಳಿದ ಕೈಗಳು ನನ್ನವು. ನನ್ನನ್ನು ಒಂದು ಮಾತು ಕೇಳದೆ ತಮ್ಮ ಕೆಲಸ ಮುಗಿಸಿದ್ದವು. ಪ್ಲಗ್ಗನ್ನು ವಾಪಸು ಚುಚ್ಚಿದೆ. ರೂಟರಿನ ದೀಪಗಳು ಒಂದೊಂದಾಗಿ, ನಿಧಾನವಾಗಿ, ಹೊಟ್ಟೆ ಉರಿಸುತ್ತಾ ಹತ್ತತೊಡಗಿದವು. ಎಲ್ಲ ಕೈಬಿಟ್ಟುಹೋಯಿತು ಎಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮೇಡಂ ಫೋನ್ ಮಾಡಿದರು. "ಏನಾಯ್ತು ಸುಮಾ ಅವರೇ?"

ಹದಿನೆಂಟು ವರ್ಷ ಊರವರ ತಪ್ಪುಗಳನ್ನೆಲ್ಲ ಹುಡುಕಿ ಗುರುತು ಹಾಕಿದವಳು ನಾನು. ನನ್ನ ಬಾಯಿಂದ ಬಂದ ಮಾತು ಹೀಗಿತ್ತು: "ಕ್ಷಮಿಸಿ ಮೇಡಂ... ನಮ್ಮ ಅತ್ತೆ... ವಯಸ್ಸಾದವರು ನೋಡಿ, ಗುಡುಗಿದ ಕೂಡಲೇ ಪ್ಲಗ್ ಕಿತ್ತುಬಿಟ್ಟರು."

ಅತ್ತೆ ಎರಡಡಿ ದೂರದಲ್ಲಿದ್ದರು. ಮೇಡಂ ಜೋರಾಗಿ ನಕ್ಕರು. ಅವರ ಅಜ್ಜಿಯೂ ಹಾಗೆಯೇ ಅಂತೆ. ಸೋಮವಾರದಿಂದ ಕೆಲಸ ಶುರು ಮಾಡಿ, ಆದರೆ ಅತ್ತೆಯವರಿಗೆ ಸ್ವಲ್ಪ ಹೇಳಿಡಿ ಎಂದರು. ಫೋನಿಟ್ಟ ಮೇಲೆ ನನಗೆ ತಲೆಯೆತ್ತಲು ಆಗಲಿಲ್ಲ. "ಅತ್ತೆ, ತಪ್ಪಾಯ್ತು" ಎಂದೆ.

"ಇರ್ಲಿ ಬಿಡು. ಕೆಲಸ ಸಿಕ್ತಲ್ಲ" ಎಂದರು ಅತ್ತೆ. "ನಂಗೆ ಈ ವಯಸ್ಸಲ್ಲಿ ಯಾರು ಇಂಟರ್‌ವ್ಯೂ ಮಾಡ್ತಾರೆ? ನನ್ನ ಹೆಸರು ಹಾಳಾದ್ರೆ ಎಂತ ಹೋಗ್ತದೆ?"

ಕೆಲಸಕ್ಕೆ ಸೇರಿ ವರ್ಷವಾಯಿತು. ಈಗಲೂ ಪ್ರತಿ ಮೀಟಿಂಗಿನ ಮೊದಲು ಮೇಡಂ, "ಅತ್ತೆ ಪ್ಲಗ್ಗಿನಿಂದ ದೂರ ಇದ್ದಾರೆ ತಾನೇ?" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಇಂಥ ಅತ್ತೆಯನ್ನು ಇಟ್ಟುಕೊಂಡು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಾರಲ್ಲ ಎಂದು ಅಲ್ಲಿನವರಿಗೆ ನನ್ನ ಮೇಲೆ ಗೌರವವಂತೆ. ಇಲ್ಲಿ ಮೋಡ ಕವಿದರೆ ಅತ್ತೆ ಕರೆಯದೆಯೇ ಬಂದು, ಪ್ಲಗ್ಗಿಗೂ ನನಗೂ ನಡುವೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಗುಡುಗಿದಾಗ ಪ್ಲಗ್ಗಿನ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಕೈಗಳನ್ನೇ ನೋಡುತ್ತಿರುತ್ತಾರೆ.